ಐದು ತಿಂಗಳು ಓದಿಯೂ ಸಿಎಫ್‌ಎ ಲೆವೆಲ್ 1 ಫೇಲ್ ಆದೆ, ಓದುವ ರೀತಿಯಲ್ಲಿ ಏನು ಬದಲಾಗಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೂಡಿಕೆ ವಿಶ್ಲೇಷಣೆಯ ವೃತ್ತಿಪರ ಅರ್ಹತೆಯಾದ ಸಿಎಫ್‌ಎಯ ಮೊದಲ ಹಂತ, ಅಂದರೆ ಲೆವೆಲ್ 1 ಪರೀಕ್ಷೆಗೆ ಐದು ತಿಂಗಳು ಓದಿದೆ. ವಿಡಿಯೋ ಎಲ್ಲಾ ನೋಡಿದೆ, ನೋಟ್ಸ್ ಮಾಡಿಕೊಂಡೆ, ಪುಸ್ತಕ ಎರಡು ಸಲ ಓದಿ ಮುಖ್ಯ ಸಾಲುಗಳಿಗೆ ಬಣ್ಣ ಹಾಕಿದೆ. ಓದುವಾಗ ಎಲ್ಲಾ ಅರ್ಥ ಆಗುತ್ತಿತ್ತು. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದರೆ ಇದನ್ನು ಓದಿದ್ದೇನೆ ಅನಿಸುತ್ತದೆ, ಉತ್ತರ ಮಾತ್ರ ಬರಲ್ಲ. ವಾರದ ದಿನಗಳಲ್ಲಿ ರಾತ್ರಿ ಪುಸ್ತಕ ಹಿಡಿದರೆ ನಿದ್ದೆ ಬರುತ್ತಿತ್ತು, ಅದಕ್ಕೆ ಶನಿವಾರ ಭಾನುವಾರ ಎಂಟೆಂಟು ಗಂಟೆ ಕೂರುತ್ತಿದ್ದೆ. ಮಾಕ್ ಟೆಸ್ಟ್ ಕೊನೆಯ ವಾರದಲ್ಲಿ ಒಂದೇ ಒಂದು ಬರೆದೆ. ಫೇಲ್ ಆದೆ. ಮತ್ತೆ ಬರೆಯಬೇಕು ಅಂತಿದ್ದೇನೆ. ನನಗೆ ಬುದ್ಧಿ ಸಾಲದಾ, ಅಥವಾ ಓದುವ ರೀತಿಯೇ ಸರಿಯಿಲ್ಲವಾ?

ಉತ್ತರ:

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಬುದ್ಧಿಯದ್ದು ಏನೂ ತೊಂದರೆ ಇಲ್ಲ. ಓದುವ ರೀತಿಯದ್ದೇ ತೊಂದರೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. "ಇದನ್ನು ಓದಿದ್ದೇನೆ ಅನಿಸುತ್ತದೆ, ಉತ್ತರ ಮಾತ್ರ ಬರಲ್ಲ" ಅಂದಿದ್ದೀರಲ್ಲ, ಕಾಯಿಲೆ ಏನು ಅಂತ ಆ ಒಂದು ಸಾಲೇ ಹೇಳುತ್ತದೆ. ದಾರಿಯಲ್ಲಿ ಯಾರೋ ಎದುರಾಗುತ್ತಾರೆ, ಮುಖ ಗೊತ್ತಿದೆ ಅನಿಸುತ್ತದೆ, ಎಷ್ಟು ತಿಣುಕಿದರೂ ಹೆಸರು ಬರಲ್ಲ. ಮುಖ ಗುರುತಿಸುವುದು ಬೇರೆ, ಹೆಸರು ನೆನಪಿಗೆ ತಂದುಕೊಳ್ಳುವುದು ಬೇರೆ. ನೀವು ಐದು ತಿಂಗಳು ಮಾಡಿದ್ದು ಮೊದಲನೆಯ ಕೆಲಸ. ಪರೀಕ್ಷೆ ಕೇಳಿದ್ದು ಎರಡನೆಯದನ್ನು.

ಫೇಲ್ ಆದವರು ನೀವೊಬ್ಬರೇ ಅಲ್ಲ ಅನ್ನುವುದೂ ಗೊತ್ತಿರಲಿ. ಲೆವೆಲ್ 1ರಲ್ಲಿ ಪಾಸಾಗುವವರಿಗಿಂತ ಫೇಲ್ ಆಗುವವರೇ ಜಾಸ್ತಿ. 2021ರ ಜುಲೈನಲ್ಲಿ ನೂರಕ್ಕೆ 22 ಜನ ಮಾತ್ರ ಪಾಸಾಗಿದ್ದರು. ಅವರೆಲ್ಲ ಓದದೇ ಬಂದವರಾ? ಖಂಡಿತ ಅಲ್ಲ. ನಾನೂ ಲೆವೆಲ್ 2ರಲ್ಲಿ ಒಂದು ಸಲ ಫೇಲ್ ಆದವಳೇ. ಆಗ ನನ್ನ ಪುಸ್ತಕದ ಪುಟಗಳಲ್ಲಿ ಬಣ್ಣ ಇಲ್ಲದ ಸಾಲು ಹುಡುಕಬೇಕಿತ್ತು. ಎರಡನೇ ಸಲ ಮೊದಲಿಗಿಂತ ಕಡಿಮೆ ಗಂಟೆ ಓದಿ ಪಾಸಾದೆ. ಬದಲಾಗಿದ್ದು ಒಂದೇ ವಿಷಯ: ಓದುವ ಗಂಟೆಗಳನ್ನು ಉತ್ತರಿಸುವ ಗಂಟೆಗಳಾಗಿ ಮಾಡಿಕೊಂಡೆ. ಮುಂದೆ ಹೇಳುವುದೆಲ್ಲ ಇದರ ವಿವರಣೆಯೇ.

ಇದು ನನ್ನೊಬ್ಬಳ ಅನುಭವ ಮಾತ್ರ ಅಂದುಕೊಳ್ಳಬೇಡಿ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಇನ್ನೊಂದು ಸಲ ಓದಿದರು. ಉಳಿದವರು ಮತ್ತೆ ಓದಲಿಲ್ಲ, ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಅವರಿಗೆ ಶೇಕಡಾ 81, ಮುಚ್ಚಿಟ್ಟು ಬರೆದವರಿಗೆ 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿತ್ತು. ಮುಚ್ಚಿಟ್ಟು ಬರೆದವರಿಗೆ ಶೇಕಡಾ 56 ನೆನಪಿತ್ತು, ಎರಡು ಸಲ ಓದಿದವರಿಗೆ 42 ಮಾತ್ರ. ನೀವು ಎರಡನೇ ಸಲ ಓದಿ ಮುಗಿಸಿದ ರಾತ್ರಿ "ಎಲ್ಲಾ ಬರುತ್ತದೆ" ಅನಿಸಿದ್ದು ಸುಳ್ಳಲ್ಲ. ಆ ರಾತ್ರಿಗೆ ಅದು ನಿಜ. ಪರೀಕ್ಷೆ ಇದ್ದದ್ದು ಆ ರಾತ್ರಿ ಅಲ್ಲ, ಅಷ್ಟೇ.

ಬಣ್ಣ ಹಾಕುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಓದುವ ಹತ್ತು ವಿಧಾನಗಳನ್ನು ಹೋಲಿಸಿ ನೋಡಿದ ದೊಡ್ಡ ವಿಮರ್ಶೆಯೊಂದು 2013ರಲ್ಲಿ ಬಂತು. ಸಾಲಿಗೆ ಬಣ್ಣ ಹಾಕುವುದು, ಮತ್ತೆ ಮತ್ತೆ ಓದುವುದು, ಇವೆರಡೂ ಅದರಲ್ಲಿ ಕೆಳಗಿನ ದರ್ಜೆಗೆ ಹೋದವು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ಮತ್ತು ಓದನ್ನು ದಿನಗಳ ಮೇಲೆ ಹರಡಿಕೊಳ್ಳುವುದು. ಬಣ್ಣ ಹಾಕಿದರೆ ಏನೋ ಕೆಲಸ ಆಯಿತು ಅನ್ನುವ ತೃಪ್ತಿ ಬರುತ್ತದೆ. ಆದರೆ ತಲೆಗೆ ಅದರಿಂದ ಏನೂ ಕೆಲಸ ಬಿದ್ದಿರುವುದಿಲ್ಲ. ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ ಆಗುತ್ತದೆ.

ಸರಿ, ಹಾಗಾದರೆ ಏನು ಮಾಡಬೇಕು?

ಒಂದು ಅಧ್ಯಾಯ ಒಂದೇ ಸಲ ಓದಿ, ನಿಧಾನವಾಗಿ, ಪೆನ್ನು ಕೆಳಗಿಟ್ಟು. ಹತ್ತು ಹದಿನೈದು ಪುಟ ಆದಮೇಲೆ ಪುಸ್ತಕ ಮುಚ್ಚಿ. ಖಾಲಿ ಹಾಳೆ ತೆಗೆದುಕೊಂಡು ಈಗ ಓದಿದ್ದನ್ನು ನೆನಪಿನಿಂದ ಬರೆಯಿರಿ. ಸೂತ್ರ, ಅದರಲ್ಲಿ ಯಾವ ಅಕ್ಷರ ಏನು, ಯಾವುದು ಹೆಚ್ಚಾದರೆ ಯಾವುದು ಕಡಿಮೆಯಾಗುತ್ತದೆ, ಏಕೆ. ಮೊದಲ ವಾರ ಇದು ಬಹಳ ಕಷ್ಟ. ಅರ್ಧ ಹಾಳೆಯೂ ತುಂಬಲ್ಲ. ಅದನ್ನು ನೋಡಿ ಗಾಬರಿಯಾಗಿ ವಾಪಸ್ ಪುಸ್ತಕಕ್ಕೆ ಹೋಗುವವರೇ ಹೆಚ್ಚು. ದಯವಿಟ್ಟು ಆ ಐದು ನಿಮಿಷ ತಡೆದುಕೊಳ್ಳಿ. ಆ ತಿಣುಕಾಟವೇ ಕಲಿಕೆ. ಬರೆದಾದ ಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ಸೇರಿಸಿ. ನಿಮ್ಮ ನೋಟ್ಸ್ ಅಂದರೆ ಇದೇ. ಬೇರೆ ನೋಟ್ಸ್ ಬೇಡ.

ಅದೇ ದಿನ ಆ ಅಧ್ಯಾಯದ ಪ್ರಶ್ನೆಗಳನ್ನು ಬಿಡಿಸಿ. "ಇನ್ನೂ ಸರಿಯಾಗಿ ಓದಿಲ್ಲ, ಪೂರ್ತಿ ಸಿಲೆಬಸ್ ಆಗಲಿ, ಆಮೇಲೆ ಪ್ರಶ್ನೆ ಮಾಡುತ್ತೇನೆ" ಅನ್ನುವ ಮಾತನ್ನು ನಾನು ಪ್ರತಿ ಬ್ಯಾಚಿನಲ್ಲಿ ಕೇಳುತ್ತೇನೆ. ಈಜು ಪೂರ್ತಿ ಬಂದಮೇಲೆ ನೀರಿಗಿಳಿಯುತ್ತೇನೆ ಅಂದಹಾಗೆ ಅದು. ನಿಮ್ಮ ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳಿಗೆ ಹೋಗಬೇಕು. ವಿಡಿಯೋ ನೋಡಲೇಬಾರದು ಅಂತಲ್ಲ. ಡೆರಿವೇಟಿವ್ಸ್‌ನ (ಬೇರೆ ಆಸ್ತಿಯ ಬೆಲೆಯನ್ನು ಆಧರಿಸಿದ ಒಪ್ಪಂದಗಳು) ಹಾಗೆ ಓದಿ ತಲೆಗೆ ಹತ್ತದ ಕಡೆ ನೋಡಿ. ಆದರೆ ವಿಡಿಯೋದಲ್ಲಿ ಲೆಕ್ಕ ಬಿಡಿಸುತ್ತಿರುವುದು ಅವರು, ನೀವಲ್ಲ. ಲೆಕ್ಕ ಬಂದ ತಕ್ಷಣ ನಿಲ್ಲಿಸಿ, ನೀವು ಮಾಡಿ, ಆಮೇಲೆ ಮುಂದಕ್ಕೆ ಓಡಿಸಿ.

ಇನ್ನು ಮರೆವಿನ ವಿಷಯ. 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾರೆ, ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಜಾರುವುದು ನಿಧಾನವಾಗುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ಒಂದು ಸಲ ನೆನಪಿಸಿಕೊಂಡರೆ ಮುಂದಿನ ಸಲ ಹೆಚ್ಚು ದಿನ ಉಳಿಯುತ್ತದೆ. ನೀವು ಒಂದು ಶನಿವಾರ ಎಂಟು ಗಂಟೆ ಬಾಂಡ್ (ಸಾಲಪತ್ರ) ಓದಿ ಆಮೇಲೆ ಎರಡು ತಿಂಗಳು ಅದರ ಮುಖ ನೋಡಲಿಲ್ಲ ಅಲ್ವಾ? ಆ ಎಂಟು ಗಂಟೆಯನ್ನೇ ಎರಡು ಗಂಟೆಯಂತೆ ನಾಲ್ಕು ವಾರಕ್ಕೆ ಹಂಚಿದ್ದರೆ ಫಲ ಬೇರೆಯೇ ಇರುತ್ತಿತ್ತು.

ಇದಕ್ಕೆ ಸುಲಭ ಉಪಾಯ ಚೀಟಿಗಳು. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಐದು ಡಬ್ಬಿ ಇಟ್ಟುಕೊಳ್ಳಿ. ಹೊಸ ಚೀಟಿ ಮೊದಲ ಡಬ್ಬಿಗೆ, ಅದನ್ನು ದಿನಾ ನೋಡಬೇಕು. ಸರಿ ಉತ್ತರ ಬಂದರೆ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ಎರಡು ದಿನಕ್ಕೊಮ್ಮೆ ನೋಡಿದರೆ ಸಾಕು, ಅದರ ಮುಂದಿನದು ವಾರಕ್ಕೊಮ್ಮೆ, ಹೀಗೆ. ತಪ್ಪಿದರೆ ಎಲ್ಲಿದ್ದರೂ ವಾಪಸ್ ಮೊದಲ ಡಬ್ಬಿಗೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಪದ್ಧತಿ ಇದು. ಈಗ ಮೊಬೈಲ್‌ನಲ್ಲಿ ಆಂಕಿ ಅನ್ನುವ ಆ್ಯಪ್ ಈ ಲೆಕ್ಕವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ. ಆದರೆ ಚೀಟಿ ನೀವೇ ಬರೆಯಿರಿ, ಬೇರೆಯವರು ಮಾಡಿದ ಸಾವಿರ ಚೀಟಿ ಇಳಿಸಿಕೊಳ್ಳಬೇಡಿ. "ಫಿಫೋ ಅಂದರೇನು" ಅಂತ ಬರೆದರೆ ಪ್ರಯೋಜನ ಕಮ್ಮಿ. "ಬೆಲೆ ಏರುತ್ತಿರುವಾಗ ಫಿಫೋ ಬಳಸಿದರೆ ಲಾಭ, ಉಳಿದ ಸರಕಿನ ಮೌಲ್ಯ, ತೆರಿಗೆ ಏನಾಗುತ್ತವೆ, ಏಕೆ" ಅಂತ ಬರೆಯಿರಿ. ಫಿಫೋ ಅಂದರೆ ಮೊದಲು ಕೊಂಡದ್ದು ಮೊದಲು ಹೊರಗೆ. ಹಳೆಯ ಅಗ್ಗದ ಸರಕು ಮೊದಲು ಖರ್ಚಿಗೆ ಹೋಗುತ್ತದೆ, ಹಾಗಾಗಿ ವೆಚ್ಚ ಕಡಿಮೆ, ಲಾಭ ಹೆಚ್ಚು, ತೆರಿಗೆ ಹೆಚ್ಚು, ಉಳಿದ ಸರಕು ಹೊಸ ದರದ ಹತ್ತಿರ ಇರುತ್ತದೆ. ಈ ಸರಪಳಿ ಬಾಯಲ್ಲಿ ಬಂತು ಅಂದರೆ ಪ್ರಶ್ನೆಯನ್ನು ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಹೇಳುತ್ತೀರಿ.

ಬೇರೆ ಬೇರೆ ಅಧ್ಯಾಯಗಳ ಪ್ರಶ್ನೆಗಳನ್ನು ಕಲಸಿ ಅಭ್ಯಾಸ ಮಾಡುವ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ಮಾಡುವವರು ಬಹಳ ಕಡಿಮೆ. ಅಧ್ಯಾಯ ಮುಗಿದ ತಕ್ಷಣ ಅದೇ ಅಧ್ಯಾಯದ ಮೂವತ್ತು ಪ್ರಶ್ನೆ ಬಿಡಿಸಿದರೆ ಇಪ್ಪತ್ತೈದು ಸರಿಯಾಗುತ್ತವೆ, ಖುಷಿಯಾಗುತ್ತದೆ. ಆದರೆ ಅಲ್ಲಿ ಯಾವ ಸೂತ್ರ ಹಾಕಬೇಕು ಅಂತ ನೀವು ಯೋಚಿಸಬೇಕಾಗಿಯೇ ಇರಲಿಲ್ಲ, ಅಧ್ಯಾಯದ ಹೆಸರೇ ಹೇಳಿತ್ತು. ಪರೀಕ್ಷೆಯಲ್ಲಿ ಹಣೆಪಟ್ಟಿ ಇರುವುದಿಲ್ಲ. ರೋರರ್ ಮತ್ತು ಟೇಲರ್ 2007ರಲ್ಲಿ ಗಣಿತದ ಲೆಕ್ಕಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಒಂದೊಂದೇ ಬಗೆಯ ಲೆಕ್ಕವನ್ನು ಸಾಲಾಗಿ ಮಾಡಿದವರು ಅಭ್ಯಾಸದಲ್ಲಿ ಶೇಕಡಾ 89 ತೆಗೆದರು, ಕಲಸಿ ಮಾಡಿದವರು 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು 20ಕ್ಕೆ ಬಿದ್ದರು, ಕಲಸಿ ಮಾಡಿದವರು 63ರಲ್ಲಿ ಉಳಿದರು. ಈ ಅಂಕಿ ನೋಡಿದಾಗ ನನಗೆ ನನ್ನ ಹಳೆಯ ವಿದ್ಯಾರ್ಥಿಗಳ ಮುಖ ಕಣ್ಣ ಮುಂದೆ ಬಂತು. ಅಧ್ಯಾಯದ ಟೆಸ್ಟ್‌ನಲ್ಲಿ ತೊಂಬತ್ತು, ಮಾಕ್‌ನಲ್ಲಿ ಐವತ್ತು ಅಂತ ಬಂದು ಅಳುತ್ತಿದ್ದವರು ಎಷ್ಟು ಜನ!

ಹಾಗಾಗಿ ಮೂರನೇ ವಾರದಿಂದಲೇ, ನಾಲ್ಕು ಅಧ್ಯಾಯ ಮುಗಿದಿದ್ದರೂ ಸಾಕು, ದಿನಾ ಇಪ್ಪತ್ತು ಪ್ರಶ್ನೆ ಕಲಸಿ ಮಾಡಿ. ಮುಗಿದ ಅಧ್ಯಾಯಗಳಿಂದ ಮಾತ್ರ. ಅಂಕ ಕಡಿಮೆ ಬರುತ್ತದೆ. ಬರಲಿ.

ತಪ್ಪಾದ ಪ್ರಶ್ನೆಗಳನ್ನು ಬರೆದಿಡುವ ತಪ್ಪಿನ ಪುಸ್ತಕದ ಬಗ್ಗೆ ಕೇಳಿರುತ್ತೀರಿ. ಎಲ್ಲರೂ ಶುರು ಮಾಡುತ್ತಾರೆ, ಎರಡು ವಾರಕ್ಕೆ ಬಿಡುತ್ತಾರೆ. ಬಿಡುವುದಕ್ಕೆ ಕಾರಣ, ಅದರಲ್ಲಿ ಸರಿ ಉತ್ತರದ ವಿವರಣೆಯನ್ನು ನಕಲು ಮಾಡುತ್ತಾ ಕೂರುತ್ತಾರೆ. ಅದು ಬೇಡ. ನೀವು ಹೇಗೆ ಯೋಚಿಸಿ ತಪ್ಪಿದಿರಿ ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ಐದು ವರ್ಷದ ಬಾಂಡ್, ಮುಖಬೆಲೆ 100, ವರ್ಷದ ಕೂಪನ್ (ಬಡ್ಡಿ) 6, ಮಾರುಕಟ್ಟೆ ದರ ಶೇಕಡಾ 8. ಬೆಲೆ ಎಷ್ಟು? ಸರಿ ಉತ್ತರ 92.01. ನಿಮಗೆ 93.93 ಬಂತು, ಆಯ್ಕೆಗಳಲ್ಲಿ ಅದೂ ಇತ್ತು, ನಂಬಿಕೆಯಿಂದ ಒತ್ತಿದಿರಿ. ಎಲ್ಲಿ ತಪ್ಪಿತು? ಬಾಂಡ್ ಗೊತ್ತಿಲ್ಲದೆ ಅಲ್ಲ. ಹಿಂದಿನ ಯಾವುದೋ ಲೆಕ್ಕಕ್ಕೆ ಕ್ಯಾಲ್ಕುಲೇಟರನ್ನು ಬಿಗಿನ್ ಮೋಡ್‌ಗೆ ಹಾಕಿದ್ದಿರಿ, ಅಂದರೆ ಪ್ರತಿ ಕಂತೂ ವರ್ಷದ ಮೊದಲೇ ಬರುತ್ತದೆ ಅನ್ನುವ ಲೆಕ್ಕ, ಅದನ್ನು ವಾಪಸ್ ಬದಲಾಯಿಸಲಿಲ್ಲ. ಆಗ ತಪ್ಪಿನ ಪುಸ್ತಕದಲ್ಲಿ "ಬಾಂಡ್ ಬೆಲೆ ಮತ್ತೆ ಓದಬೇಕು" ಅಂತ ಬರೆದರೆ ಅದು ನಿಮ್ಮ ದಾರಿ ತಪ್ಪಿಸುತ್ತದೆ. ಬರೆಯಬೇಕಾದ್ದು: "ಲೆಕ್ಕ ಶುರು ಮಾಡುವ ಮೊದಲು ಪರದೆಯ ಮೇಲೆ ಬಿಜಿಎನ್ (ಬಿಗಿನ್) ಅಂತ ಇದೆಯಾ ನೋಡಲಿಲ್ಲ."

ಹೀಗೆ ಒಂದು ತಿಂಗಳು ಬರೆದರೆ ನಿಮ್ಮ ತಪ್ಪುಗಳು ಗುಂಪು ಗುಂಪಾಗಿ ಕಾಣತೊಡಗುತ್ತವೆ. ವಿಷಯವೇ ಗೊತ್ತಿರಲಿಲ್ಲ ಅನ್ನುವ ತಪ್ಪು. ಗೊತ್ತಿತ್ತು, ಸಮಯಕ್ಕೆ ನೆನಪಾಗಲಿಲ್ಲ ಅನ್ನುವ ತಪ್ಪು. ಪ್ರಶ್ನೆಯನ್ನು ಸರಿಯಾಗಿ ಓದದ ತಪ್ಪು. ಬೆರಳಿನ ತಪ್ಪು. ಒಂದೊಂದಕ್ಕೂ ಔಷಧಿ ಬೇರೆ. ಮೊದಲನೆಯದಕ್ಕೆ ಪುಸ್ತಕ, ಎರಡನೆಯದಕ್ಕೆ ಚೀಟಿ. ಉಳಿದ ಎರಡಕ್ಕೆ ಎಷ್ಟು ಪುಸ್ತಕ ಓದಿದರೂ ಪ್ರಯೋಜನ ಇಲ್ಲ. ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವರು ನೀವು. ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದರೆ ಇಡೀ ಲೆಡ್ಜರನ್ನು ಮೊದಲಿನಿಂದ ಓದುತ್ತೀರಾ? ಎಲ್ಲಿ ತಪ್ಪಿದೆ ಅಂತ ಹುಡುಕುತ್ತೀರಿ. ಇಲ್ಲೂ ಅದೇ ಕೆಲಸ.

ಕ್ಯಾಲ್ಕುಲೇಟರ್ ಮಾತು ಬಂದದ್ದಕ್ಕೆ ಇನ್ನೆರಡು ಮಾತು. ಈ ಪರೀಕ್ಷೆಗೆ ಎರಡೇ ಬಗೆಯ ಕ್ಯಾಲ್ಕುಲೇಟರ್ ಒಯ್ಯಬಹುದು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಎ 2 ಪ್ಲಸ್ ಅಥವಾ ಎಚ್‌ಪಿ 12ಸಿ, ಅವುಗಳ ಸುಧಾರಿತ ಮಾದರಿಗಳೂ ಸೇರಿ. ಬಿಎ 2 ಪ್ಲಸ್ ಹೊಸದಾಗಿ ತೆಗೆದಾಗ ಚೈನ್ ಪದ್ಧತಿಯಲ್ಲಿರುತ್ತದೆ, ಅಂದರೆ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತದೆ. 2 ಕೂಡಿಸು 3 ಗುಣಿಸು 4 ಅಂತ ಒತ್ತಿದರೆ 20 ತೋರಿಸುತ್ತದೆ. ಸರಿ ಉತ್ತರ 14. ಸೆಟ್ಟಿಂಗ್‌ನಲ್ಲಿ ಎಒಎಸ್ (ಗುಣಾಕಾರವನ್ನು ಮೊದಲು ಮಾಡುವ ಪದ್ಧತಿ) ಮಾಡಿಕೊಂಡರೆ ಸರಿಯಾಗುತ್ತದೆ. ದಶಮಾಂಶವೂ ಎರಡೇ ಸ್ಥಾನಕ್ಕೆ ಇರುತ್ತದೆ, ಜಾಸ್ತಿ ಮಾಡಿಕೊಳ್ಳಿ. ಇವತ್ತಿನಿಂದ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಸಣ್ಣ ಕೂಡುವಿಕೆಗೂ ಅದನ್ನೇ ಬಳಸಿ, ಮೊಬೈಲ್ ಬೇಡ. ಬೆರಳಿಗೆ ಕೀಲಿಗಳ ಜಾಗ ನೋಡದೆ ಗೊತ್ತಾಗಬೇಕು.

ಈಗ ಸಮಯ. ನಿಯಮದ ಪ್ರಕಾರ ಆರು ತಿಂಗಳ ಒಳಗೆ ಅದೇ ಲೆವೆಲ್ ಮತ್ತೆ ಬರೆಯುವ ಹಾಗಿಲ್ಲ. ವರ್ಷಕ್ಕೆ ಎರಡು ಸಲ, ಒಂದು ಲೆವೆಲ್‌ಗೆ ಒಟ್ಟು ಆರು ಸಲ ಮಾತ್ರ ಅವಕಾಶ. ಈ ಆರು ತಿಂಗಳನ್ನು ಶಿಕ್ಷೆ ಅಂದುಕೊಳ್ಳಬೇಡಿ, ನಿಮಗೆ ಬೇಕಾಗಿರುವುದೇ ಅದು. ಸಿಎಫ್‌ಎ ಇನ್‌ಸ್ಟಿಟ್ಯೂಟ್ ಒಂದು ಲೆವೆಲ್‌ಗೆ ಸುಮಾರು 300 ಗಂಟೆ ಬೇಕು ಅನ್ನುತ್ತದೆ. 26 ವಾರಕ್ಕೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ. ವಾರದ ಐದು ದಿನ ಒಂದೂವರೆ ಗಂಟೆಯಂತೆ ಏಳೂವರೆ, ವಾರಾಂತ್ಯಕ್ಕೆ ನಾಲ್ಕು. ಎಂಟೆಂಟು ಗಂಟೆ ಕೂರುವ ಶನಿವಾರ ಭಾನುವಾರ ಇನ್ನು ಬೇಡ. ಆರನೇ ಗಂಟೆಯಿಂದ ಆಚೆಗೆ ಕಣ್ಣು ಓಡುತ್ತಿರುತ್ತದೆ, ತಲೆ ನಿಂತಿರುತ್ತದೆ.

ರಾತ್ರಿ ನಿದ್ದೆ ಬರುತ್ತದೆ ಅಂದಿರಿ. ಬರದೇ ಇರುತ್ತದಾ, ಇಡೀ ದಿನ ಅಂಕಿಗಳ ಜೊತೆ ಗುದ್ದಾಡಿ ಬಂದಿರುತ್ತೀರಿ. ರಾತ್ರಿಯ ಓದನ್ನು ಬಿಟ್ಟುಬಿಡಿ. ಕೆಲಸಕ್ಕೆ ಹೊರಡುವ ಮೊದಲು ಒಂದು ಗಂಟೆ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಚೀಟಿ ಅಥವಾ ಹತ್ತು ಪ್ರಶ್ನೆ. ಬೆಳಿಗ್ಗೆ ಏಳುವುದು ಕಷ್ಟ ಆದರೆ ಮಲಗುವ ಸಮಯ ಹಿಂದಕ್ಕೆ ತನ್ನಿ, ನಿದ್ದೆ ಮಾತ್ರ ಕಡಿಮೆ ಮಾಡಬೇಡಿ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ. ನಿದ್ದೆಗೆಟ್ಟು ಓದಿದರೆ ಒಂದು ಕೈಯಲ್ಲಿ ತುಂಬಿಸಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ.

"ದಿನಾ ಓದುತ್ತೇನೆ" ಅನ್ನುವ ಸಂಕಲ್ಪ ಯಾರಿಗೂ ನಿಲ್ಲುವುದಿಲ್ಲ. ಯಾವಾಗ, ಎಲ್ಲಿ, ಯಾವುದಾದ ಮೇಲೆ ಅನ್ನುವುದು ಗಟ್ಟಿಯಾಗಿರಬೇಕು. "ಹಲ್ಲುಜ್ಜಿದ ಮೇಲೆ ನೇರ ಮೇಜಿಗೆ ಬರುತ್ತೇನೆ, ಮೊದಲು ಹತ್ತು ಚೀಟಿ" ಅಂತ ಇಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಮೇಜಿನ ಮೇಲೆ ನಾಳೆಯ ಪ್ರಶ್ನೆಗಳು ತೆರೆದಿರಲಿ. ಬೆಳಿಗ್ಗೆ ಎದ್ದು ಇವತ್ತು ಏನು ಓದಲಿ ಅಂತ ಯೋಚಿಸುವುದರಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ ನಿಮ್ಮ ಕೆಲಸದಲ್ಲಿ ಇದ್ದೇ ಇರುತ್ತದೆ, ಆ ವಾರಗಳಲ್ಲಿ ದಿನಕ್ಕೆ ಹತ್ತು ಪ್ರಶ್ನೆ ಅಂತ ಮೊದಲೇ ಇಳಿಸಿಕೊಳ್ಳಿ. ಪೂರ್ತಿ ನಿಂತರೆ ಮತ್ತೆ ಶುರು ಮಾಡುವುದು ಬಹಳ ಭಾರ.

ಯಾವ ವಿಷಯಕ್ಕೆ ಎಷ್ಟು ಅನ್ನುವುದಕ್ಕೆ ನಿಮ್ಮ ಹಳೆಯ ಫಲಿತಾಂಶದ ಜೊತೆ ಬಂದ ವಿಷಯವಾರು ಗ್ರಾಫ್ ತೆಗೆಯಿರಿ. ಬೇಜಾರಾಗಿ ಅದನ್ನು ನೋಡದೆಯೇ ಮುಚ್ಚಿಟ್ಟಿರಬಹುದು, ಈಗ ನೋಡಿ. ಪಕ್ಕದಲ್ಲಿ ವಿಷಯಗಳ ತೂಕ ಇಟ್ಟುಕೊಳ್ಳಿ. ಎಥಿಕ್ಸ್‌ಗೆ (ವೃತ್ತಿ ನೀತಿ) ಶೇಕಡಾ 15ರಿಂದ 20. ಹಣಕಾಸು ವರದಿಗಳ ವಿಶ್ಲೇಷಣೆ, ಈಕ್ವಿಟಿ (ಷೇರು), ಫಿಕ್ಸೆಡ್ ಇನ್‌ಕಮ್ (ಬಾಂಡ್‌ನಂಥವು), ಇವು ಮೂರಕ್ಕೂ 11ರಿಂದ 14. ಈ ನಾಲ್ಕೇ ಸೇರಿ ಪರೀಕ್ಷೆಯ ಅರ್ಧದ ಹತ್ತಿರ ಬರುತ್ತವೆ, ಮೀರಲೂಬಹುದು. ಡೆರಿವೇಟಿವ್ಸ್‌ಗೆ ಇರುವುದು 5ರಿಂದ 8. ತೂಕ ಜಾಸ್ತಿ, ನಿಮ್ಮ ಅಂಕ ಕಮ್ಮಿ, ಅಂಥ ವಿಷಯ ಮೊದಲು. ಅಕೌಂಟ್ಸ್‌ನವರು ಸಾಮಾನ್ಯವಾಗಿ ಹಣಕಾಸು ವರದಿಯ ಭಾಗವನ್ನೇ ಮತ್ತೆ ಮತ್ತೆ ಓದುತ್ತಾರೆ, ಬರುವುದನ್ನು ಓದಿದರೆ ಹಿತ ಅನಿಸುತ್ತದೆ. ಅಲ್ಲಿ ಸ್ವಲ್ಪ ಎಚ್ಚರ.

ಎಥಿಕ್ಸ್ ಬಗ್ಗೆ ಪ್ರತ್ಯೇಕವಾಗಿ ಹೇಳುತ್ತೇನೆ. "ಅದೆಲ್ಲ ಸಾಮಾನ್ಯ ಜ್ಞಾನ, ಕೊನೆಯ ವಾರ ನೋಡಿದರಾಯಿತು" ಅಂತ ಬಿಡುವವರು ಬಹಳ. ಅದು ಸಾಮಾನ್ಯ ಜ್ಞಾನ ಅಲ್ಲ. ದೇಶದ ಕಾನೂನು ಮತ್ತು ಸಿಎಫ್‌ಎ ಸಂಸ್ಥೆಯ ನಿಯಮ ಬೇರೆ ಬೇರೆ ಇದ್ದರೆ ಯಾವುದು ಹೆಚ್ಚು ಕಟ್ಟುನಿಟ್ಟೋ ಅದನ್ನು ಪಾಲಿಸಬೇಕು, ಇದು ಓದದೆ ಗೊತ್ತಾಗುವುದಿಲ್ಲ. ಬಹಿರಂಗ ಮಾಹಿತಿಯನ್ನೂ, ಬಹಿರಂಗವಲ್ಲದ ಆದರೆ ಅಷ್ಟೇನೂ ಮಹತ್ವವಿಲ್ಲದ ಚೂರುಗಳನ್ನೂ ಜೋಡಿಸಿ ವಿಶ್ಲೇಷಕ ಒಂದು ತೀರ್ಮಾನಕ್ಕೆ ಬಂದರೆ ಅದು ತಪ್ಪಲ್ಲ. ಬಹಿರಂಗವಾಗದ ಮಹತ್ವದ ಮಾಹಿತಿಯ ಮೇಲೆ ವ್ಯವಹರಿಸಿದರೆ ತಪ್ಪು. ಈ ಗೆರೆ ಎಲ್ಲಿದೆ ಅಂತ ಗೊತ್ತಾಗುವುದು ಪ್ರಶ್ನೆಗಳಿಂದಲೇ. ದಿನಾ ಐದು ಎಥಿಕ್ಸ್ ಪ್ರಶ್ನೆ, ಮೊದಲ ದಿನದಿಂದ ಕೊನೆಯ ದಿನದವರೆಗೆ. ತಪ್ಪಾದ ಆಯ್ಕೆಗಳು ಏಕೆ ತಪ್ಪು ಅನ್ನುವುದನ್ನೂ ಬಾಯಿಬಿಟ್ಟು ಹೇಳಿ.

ಬಾಯಿಬಿಟ್ಟು ಹೇಳುವಾಗ ಕನ್ನಡದಲ್ಲೇ ಹೇಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಅದು ಸರಿ. ಆದರೆ ಇಂಗ್ಲಿಷ್ ವಾಕ್ಯವನ್ನು ಗಿಣಿಪಾಠ ಮಾಡಿ ಒಪ್ಪಿಸಿದರೆ ಅರ್ಥ ಆಗಿದೆ ಅನ್ನುವ ಭ್ರಮೆ ಹುಟ್ಟುತ್ತದೆ. ಡ್ಯುರೇಶನ್ ಅಂದರೇನು ಅಂತ ಕನ್ನಡದಲ್ಲಿ ಹೇಳಲು ಹೊರಡಿ. "ಬಡ್ಡಿ ದರ ಏರಿದರೆ ಬಾಂಡ್ ಬೆಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದರ ಅಳತೆ ಇದು. ಮಾಡಿಫೈಡ್ ಡ್ಯುರೇಶನ್ 7 ಇದ್ದರೆ, ದರ ಅರ್ಧ ಶೇಕಡಾ ಏರಿದಾಗ ಬೆಲೆ ಸುಮಾರು ಮೂರೂವರೆ ಶೇಕಡಾ ಇಳಿಯುತ್ತದೆ." ಇಷ್ಟು ಬಂತಾ? ಈಗ "ಸುಮಾರು" ಏಕೆ ಅಂತ ಕೇಳಿಕೊಳ್ಳಿ, ಕಾನ್ವೆಕ್ಸಿಟಿ (ದರ ಮತ್ತು ಬೆಲೆಯ ಸಂಬಂಧ ನೇರ ಗೆರೆಯಲ್ಲ, ಬಾಗಿದ ಗೆರೆ ಅನ್ನುವುದು) ತಾನಾಗಿ ಬಾಗಿಲು ತಟ್ಟುತ್ತದೆ. ಕನ್ನಡದಲ್ಲಿ ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೆ ಅರ್ಥವಾಗಿಲ್ಲ, ಪದ ಮಾತ್ರ ನೆನಪಿದೆ.

ಇಂಗ್ಲಿಷ್‌ನಲ್ಲಿ ಎಚ್ಚರ ಬೇಕಾದ್ದು ಪ್ರಶ್ನೆ ಓದುವಾಗ. ಮೋಸ್ಟ್ ಲೈಕ್ಲಿ, ಲೀಸ್ಟ್ ಲೈಕ್ಲಿ, ಈ ಎರಡು ಪದಗಳ ಮೇಲೆ ಎಷ್ಟೋ ಅಂಕ ಬಿದ್ದುಹೋಗುತ್ತವೆ. ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, ಏನು ಕೇಳುತ್ತಿದ್ದಾರೆ ಅಂತ ತಿಳಿದುಕೊಂಡು ಮೇಲಿನ ವಿವರಕ್ಕೆ ಹೋಗಿ.

ಮಾಕ್ ಟೆಸ್ಟ್. ನೀವು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಕೊನೆಯ ವಾರ ಒಂದು ಮಾಕ್ ಬರೆಯುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದ ಹಾಗೆ, ತಪ್ಪು ಗೊತ್ತಾದರೂ ತಿದ್ದಿಕೊಳ್ಳಲು ದಿನ ಎಲ್ಲಿದೆ? ಪರೀಕ್ಷೆಗೆ ಆರು ವಾರ ಇರುವಾಗ ಹೊಸ ಓದು ಮುಗಿದಿರಬೇಕು. ಆಮೇಲೆ ವಾರಕ್ಕೊಂದು ಪೂರ್ತಿ ಮಾಕ್, ಒಟ್ಟು ಐದು ಅಂತ ಇಟ್ಟುಕೊಳ್ಳಿ. ಆ ವಾರಗಳಲ್ಲಿ ವಾರಾಂತ್ಯದ ನಾಲ್ಕು ಗಂಟೆ ಸಾಲದು. ಒಂದು ದಿನ ಮಾಕ್, ಮರುದಿನ ತಿದ್ದುವ ಕೆಲಸ. ಪೂರ್ತಿ ಅಂದರೆ ಪೂರ್ತಿ. 90 ಪ್ರಶ್ನೆ, 135 ನಿಮಿಷ, ನಡುವೆ ಸಣ್ಣ ಬಿಡುವು, ಮತ್ತೆ 90 ಪ್ರಶ್ನೆ, 135 ನಿಮಿಷ. ಪ್ರಶ್ನೆಗೆ 90 ಸೆಕೆಂಡ್. ನಿಜವಾದ ಪರೀಕ್ಷೆ ಯಾವ ಹೊತ್ತಿಗೆ ಇದೆಯೋ ಅದೇ ಹೊತ್ತಿಗೆ ಕೂತು, ಕಂಪ್ಯೂಟರ್ ಪರದೆಯ ಮೇಲೆಯೇ ಬರೆಯಿರಿ. ನಾಲ್ಕೂವರೆ ಗಂಟೆ ಗಮನ ಹಿಡಿದಿಡುವುದೂ ಒಂದು ಅಭ್ಯಾಸ, ಮೊದಲ ಮಾಕ್‌ನಲ್ಲಿ ನೂರ ನಲವತ್ತನೇ ಪ್ರಶ್ನೆಯ ಹೊತ್ತಿಗೆ ಅದು ನಿಮಗೇ ಗೊತ್ತಾಗುತ್ತದೆ.

ಮಾಕ್ ಬರೆದಷ್ಟೇ ಸಮಯ ಅದನ್ನು ಬಿಡಿಸಿ ನೋಡುವುದಕ್ಕೂ ಕೊಡಿ. ಸರಿಯಾದ ಉತ್ತರಗಳನ್ನೂ ನೋಡಿ. ಬರೆಯುವಾಗಲೇ ಅನುಮಾನ ಇದ್ದ ಪ್ರಶ್ನೆಗೆ ಗುರುತು ಹಾಕಿರಿ, ಊಹೆಯಿಂದ ಸರಿಯಾದದ್ದು ತಪ್ಪಿನ ಲೆಕ್ಕಕ್ಕೇ ಹೋಗಬೇಕು. ಪಾಸಾಗಲು ಶೇಕಡಾ ಎಷ್ಟು ಪ್ರಶ್ನೆ ಸರಿಯಾಗಬೇಕು ಅಂತ ಸಂಸ್ಥೆ ಬಹಿರಂಗ ಮಾಡುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು, ಮಾಕ್‌ನಲ್ಲಿ ಶೇಕಡಾ 70 ದಾಟಿ ನಿಲ್ಲುವಂತೆ ಮಾಡಿಕೊಳ್ಳಿ ಅಂತ. ಎರಡನೇ ಮಾಕ್‌ನಲ್ಲಿ 58 ಬಂದರೆ ಕುಸಿಯಬೇಡಿ. ಆ 42ರಲ್ಲಿ ಬೆರಳಿನ ತಪ್ಪು ಎಷ್ಟು, ಓದಿನ ತಪ್ಪು ಎಷ್ಟು ಅಂತ ಬಿಡಿಸಿ ನೋಡಿ.

ಪರೀಕ್ಷೆಯ ದಿನದ್ದು ಹೆಚ್ಚೇನಿಲ್ಲ. ಮೂರೇ ಆಯ್ಕೆ ಇರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೂ ಪ್ರಶ್ನೆ ಖಾಲಿ ಬಿಡಬೇಡಿ. ಎರಡು ನಿಮಿಷ ದಾಟಿತು ಅಂದರೆ ಒಂದು ಉತ್ತರ ಹಾಕಿ, ಗುರುತು ಮಾಡಿ, ಮುಂದೆ ಹೋಗಿ.

ಇನ್ನು ಈ ವಾರ. ಹೊಸ ವಿಡಿಯೋ, ಹೊಸ ಕೋರ್ಸ್, ಹೊಸ ಪುಸ್ತಕ ಏನನ್ನೂ ಹುಡುಕಬೇಡಿ, ಇರುವುದು ಸಾಕು. ಈ ಶನಿವಾರ ಎಲ್ಲಾ ಹತ್ತು ವಿಷಯಗಳಿಂದ ಆರಾರು ಪ್ರಶ್ನೆ ಕಲಸಿ, ಒಟ್ಟು ಅರವತ್ತು, ಒಂದೂವರೆ ಗಂಟೆ ಇಟ್ಟುಕೊಂಡು ಬರೆಯಿರಿ. ಅದಕ್ಕೆ ಏನೂ ಓದಿಕೊಂಡು ಕೂರಬೇಡಿ. ಭಾನುವಾರ ತಪ್ಪುಗಳನ್ನು ನಾಲ್ಕು ಗುಂಪು ಮಾಡಿ. ಆ ನಾಲ್ಕು ಸಂಖ್ಯೆ ಮತ್ತು ನಿಮ್ಮ ಹಳೆಯ ಗ್ರಾಫ್ ನನಗೆ ಕಳಿಸಿ, ಯಾವ ವಿಷಯದಿಂದ ಶುರು ಮಾಡಬೇಕು ಅಂತ ಒಟ್ಟಿಗೆ ನೋಡೋಣ.